ನಗರಕವಿ ಆಗಿ ಎಂದು ಕರೆದರೆ ಒಪ್ಪಬೇಕೇ?

ಕೆಲವು ದೇಶಗಳಲ್ಲಿ ನಗರಕ್ಕೊಬ್ಬ ಅಧಿಕೃತ ಕವಿ ಇರುತ್ತಾರೆ. ನಗರಾಡಳಿತವೇ ಅವರನ್ನು ನೇಮಿಸುತ್ತದೆ. ಅವಧಿ ಸಾಮಾನ್ಯವಾಗಿ ಎರಡು ಮೂರು ವರ್ಷ. ಜೊತೆಗೆ ಒಂದಿಷ್ಟು ಗೌರವಧನ. ಸ್ಯಾನ್ ಫ್ರಾನ್ಸಿಸ್ಕೊ 1998ರಲ್ಲಿ ಲಾರೆನ್ಸ್ ಫರ್ಲಿಂಗೆಟಿ ಅವರನ್ನು, ಗ್ಲಾಸ್ಗೊ 1999ರಲ್ಲಿ ಎಡ್ವಿನ್ ಮಾರ್ಗನ್ ಅವರನ್ನು, ಟೊರಾಂಟೊ 2001ರಲ್ಲಿ ಡೆನಿಸ್ ಲೀ ಅವರನ್ನು ಹೀಗೆ ಆರಿಸಿಕೊಂಡವು. ಇಂಥ ಕರೆ ಬಂದರೆ ಕವಿ ಹೂಂ ಎನ್ನಬೇಕೇ? ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ. ಅದಕ್ಕೇ ಎರಡೂ ಕಡೆಯ ಮಾತನ್ನು ಮನಸ್ಸಿಟ್ಟು ಬರೆದಿದ್ದೇನೆ.

ಪರ: ಒಪ್ಪಲಿ, ಕವಿತೆಗೆ ಕಾದವರಿದ್ದಾರೆ

ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ನಗರದಿಂದ ಶುರು ಮಾಡುತ್ತೇನೆ. ಅಲ್ಲಿ ಬಂಧುಬಳಗ, ಸ್ನೇಹಿತರು ಯಾರೂ ಇಲ್ಲದವರು ತೀರಿಕೊಂಡರೆ ಅಂತ್ಯಕ್ರಿಯೆಯನ್ನು ನಗರಾಡಳಿತವೇ ಮಾಡಬೇಕು. ಪೆಟ್ಟಿಗೆ ಹೊರುವವರು ಇರುತ್ತಾರೆ. ಅಳುವವರು ಇರುವುದಿಲ್ಲ. 2002ರಲ್ಲಿ ಅಲ್ಲಿನ ನಗರಕವಿ ಬಾರ್ಟ್ ಎಫ್.ಎಂ. ಡ್ರೋಗ್ ಇಂಥವರ ಅಂತ್ಯಕ್ರಿಯೆಗೆ ಹೋಗಿ ಕವಿತೆ ಓದಲು ಆರಂಭಿಸಿದರು. ಸತ್ತವರ ಬಗ್ಗೆ ಗೊತ್ತಿರುವುದು ಒಂದು ಚೀಟಿಯಲ್ಲಿ ಹಿಡಿಯುವಷ್ಟು. ಹೆಸರು, ಹುಟ್ಟಿದ ದಿನ, ಕೊನೆಗೆ ಇದ್ದ ಮನೆ. ಕೆಲವೊಮ್ಮೆ ಹೆಸರೂ ಸಿಗುವುದಿಲ್ಲ. ಅಷ್ಟರಲ್ಲೇ ಕವಿತೆ ಕಟ್ಟಬೇಕು. ಇದಕ್ಕೆ ಅಲ್ಲಿ ‘ಒಂಟಿ ಅಂತ್ಯಕ್ರಿಯೆ’ ಎಂಬ ಹೆಸರಾಯಿತು. ಮುಂದೆ ಇದು ಆಮ್‌ಸ್ಟರ್‌ಡ್ಯಾಮ್‌ಗೆ, ಬೆಲ್ಜಿಯಂನ ಆಂಟ್‌ವರ್ಪ್‌ಗೂ ಹಬ್ಬಿತು.

ಆ ಕವಿತೆಗೆ ಚಪ್ಪಾಳೆ ಇಲ್ಲ, ಬಹುಮಾನ ಇಲ್ಲ. ಆದರೂ ಅದಕ್ಕಿಂತ ಬೇಕಾದ ಕವಿತೆ ಇನ್ನೊಂದಿದೆಯಾ? ಮನೆಯಲ್ಲಿ ಕೂತು ತನ್ನ ಪಾಡಿಗೆ ಬರೆಯುವ ಕವಿಯ ಕೈಗೆ ಆ ಚೀಟಿ ಬರುವುದು ಕಷ್ಟ. ನಗರಕವಿಗೆ ಅದು ಕಚೇರಿಯಿಂದಲೇ ಬರುತ್ತದೆ. ಹುದ್ದೆಯ ನಿಜವಾದ ಬೆಲೆ ನನಗೆ ಇಲ್ಲೇ ಕಾಣುವುದು. ಗೌರವಧನವಲ್ಲ, ಹಾರವಲ್ಲ, ಒಳಗೆ ಹೋಗುವ ದಾರಿ. ಜೈಲು, ಆಸ್ಪತ್ರೆ, ವೃದ್ಧಾಶ್ರಮ, ಶಾಲೆ ಎಲ್ಲೇ ಆಗಲಿ, ‘ನಾನು ಕವಿ’ ಎಂದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ‘ನಾನು ಈ ನಗರದ ಕವಿ’ ಎಂದರೆ ಕುರ್ಚಿ ಹಾಕುತ್ತಾರೆ. ಒಳಗಿರುವವರಲ್ಲಿ ಜಾಸ್ತಿ ಜನ ಕವಿತೆಯ ಪುಸ್ತಕವನ್ನು ತಾವಾಗಿ ಎಂದೂ ಕೊಂಡವರಲ್ಲ. ಅವರ ಹತ್ತಿರ ಕವಿತೆಯೇ ನಡೆದು ಹೋಗಬೇಕು, ಅಲ್ವಾ?

ಹೇಳಿ ಬರೆಸಿದ ಕವಿತೆಯಲ್ಲಿ ಜೀವ ಇರುವುದಿಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹತ್ತನೇ ಶತಮಾನದ ಪಂಪನನ್ನೇ ನೋಡಿ. ಅವನು ಆಸ್ಥಾನದ ಕವಿ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದು ಮಾಡಿ ಕಾವ್ಯ ಬರೆದ. ಆದರೆ ಅದೇ ಕಾವ್ಯದಲ್ಲಿ, ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದ. ಅನ್ನ ಕೊಟ್ಟ ದೊರೆ ಗೆದ್ದ ಅರ್ಜುನ, ಕವಿಯ ಕರುಳು ಸೋತ ಕರ್ಣನ ಕಡೆ. ಆಶ್ರಯ ಅವನ ಕೈ ಕಟ್ಟಲಿಲ್ಲ.

ಇತ್ತೀಚಿನದು ಬೇಕೆಂದರೆ ಮಾರ್ಗನ್ ಇದ್ದಾರೆ. ಗ್ಲಾಸ್ಗೊ ಆದ ಮೇಲೆ 2004ರಲ್ಲಿ ಅವರು ಇಡೀ ಸ್ಕಾಟ್ಲೆಂಡಿನ ಕವಿಯಾದರು. ಅದೇ ವರ್ಷ ಅಲ್ಲಿನ ಸಂಸತ್ತಿನ ಹೊಸ ಕಟ್ಟಡ ಉದ್ಘಾಟನೆಗೆ ಕವಿತೆ ಬರೆದರು. ಹೊಗಳಿ ಕೈಮುಗಿಯುವ ಕವಿತೆಯಲ್ಲ. ಜನರಿಗೆ ಪುಕ್ಕಲರು ಬೇಕಿಲ್ಲ ಎಂದು ಸದಸ್ಯರ ಮುಖಕ್ಕೇ ಹೇಳುವ ಕವಿತೆ. ಹೊರಗಿನವರು ಈ ಮಾತು ಬರೆದಿದ್ದರೆ ಪತ್ರಿಕೆಯ ಒಂದು ಮೂಲೆಯಲ್ಲಿ ಬರುತ್ತಿತ್ತು. ಹುದ್ದೆ ಇದ್ದದ್ದರಿಂದ ಅವರೆಲ್ಲ ಕೂತು ಕೇಳಬೇಕಾಯಿತು.

ವಿರೋಧ: ಬೇಡ, ಸುಮ್ಮನಿರುವ ಹಕ್ಕನ್ನು ಬಿಟ್ಟುಕೊಡಬಾರದು

ಕವಿತೆ ಬರೆಯದೆ ಇರುವುದೂ ಕವಿಯ ಕೆಲಸದ ಒಂದು ಭಾಗ. ತಿಂಗಳುಗಟ್ಟಲೆ ಒಂದು ಸಾಲೂ ಬರುವುದಿಲ್ಲ. ಆ ಬರಗಾಲದಲ್ಲಿ ಒಳಗೆ ಏನೋ ಕೂಡಿಕೊಳ್ಳುತ್ತಿರುತ್ತದೆ. ಹುದ್ದೆ ಮೊದಲು ಕಿತ್ತುಕೊಳ್ಳುವುದೇ ಇದನ್ನು. ಸೇತುವೆ ಉದ್ಘಾಟನೆ ಗುರುವಾರ ಎಂದರೆ ಕವಿತೆ ಬುಧವಾರ ಸಿದ್ಧವಿರಬೇಕು.

ಇದು ಬರೀ ಭಯವಲ್ಲ. ಬ್ರಿಟನ್ನಿನ ಆಸ್ಥಾನಕವಿ ಪದವಿ 1668ರಷ್ಟು ಹಳೆಯದು. 1999ರಲ್ಲಿ ಆಂಡ್ರ್ಯೂ ಮೋಷನ್ ಹತ್ತು ವರ್ಷಕ್ಕೆ ಆ ಜಾಗಕ್ಕೆ ಬಂದರು. ಶ್ರದ್ಧೆಯಿಂದ ದುಡಿದರು, ಶಾಲೆಗಳಿಗೆ ಕವಿತೆ ಮುಟ್ಟಿಸಲು ಓಡಾಡಿದರು. 2008ರಲ್ಲಿ ಅವರೇ ಬಹಿರಂಗವಾಗಿ ಹೇಳಿಕೊಂಡರು: ಸುಮಾರು ಐದು ವರ್ಷದಿಂದ ತಮ್ಮೊಳಗೆ ಕವಿತೆ ಬತ್ತಿಹೋಗಿದೆ, ಯಾರಾದರೂ ಕೇಳಿದ್ದನ್ನು ಮಾತ್ರ ಬರೆಯಲು ಆಗುತ್ತಿದೆ ಎಂದು. ಒಬ್ಬ ಕವಿಗೆ ಇದಕ್ಕಿಂತ ದೊಡ್ಡ ನಷ್ಟ ಏನಿದೆ? ಇದನ್ನು ಮೊದಲೇ ಊಹಿಸಿದವರೂ ಇದ್ದಾರೆ. 1843ರಲ್ಲಿ ವರ್ಡ್ಸ್‌ವರ್ತ್ ಒಪ್ಪಿದ್ದು, ನೀವು ಏನೂ ಬರೆಯಬೇಕಿಲ್ಲ ಎಂದು ಪ್ರಧಾನಿ ಭರವಸೆ ಕೊಟ್ಟ ಮೇಲೆ. 1984ರಲ್ಲಿ ಫಿಲಿಪ್ ಲಾರ್ಕಿನ್ ಬೇಡ ಎಂದೇ ಬಿಟ್ಟರು. ನಗರದ ಹುದ್ದೆ ಇಷ್ಟು ದೊಡ್ಡದಲ್ಲ, ಅವಧಿಯೂ ಚಿಕ್ಕದು, ನಿಜ. ಒತ್ತಡದ ಜಾತಿ ಮಾತ್ರ ಒಂದೇ.

ಪಂಪನ ಮಾತಿಗೆ ನನ್ನ ಉತ್ತರ ಇಷ್ಟೇ. ಅವನಂಥವರು ಸಾವಿರ ವರ್ಷಕ್ಕೊಬ್ಬರು. ಉಳಿದ ಆಸ್ಥಾನಗಳಲ್ಲಿ ಹೊಗಳಿ ಬರೆದವರ ಸಾಲುಗಳು ಇಂದು ಯಾರ ನಾಲಿಗೆಯ ಮೇಲಿವೆ?

ಎದುರು ಮಾತು ಸಿಟ್ಟು ತರಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅಮೆರಿಕದ ನ್ಯೂಜೆರ್ಸಿ ರಾಜ್ಯ 2002ರಲ್ಲಿ ಅಮಿರಿ ಬರಾಕ ಅವರನ್ನು ಅಧಿಕೃತ ಕವಿ ಮಾಡಿತು. ಸ್ವಲ್ಪದರಲ್ಲೇ ಸೆಪ್ಟೆಂಬರ್ 11ರ ದಾಳಿಯ ಬಗ್ಗೆ ಅವರು ಓದಿದ ಕವಿತೆ ದೊಡ್ಡ ಗಲಾಟೆಯಾಯಿತು. ಅದರಲ್ಲಿ ಯಹೂದಿಗಳನ್ನು ನೋಯಿಸುವ ಒಂದು ಸುಳ್ಳು ವದಂತಿ ಇತ್ತು. ಅದನ್ನು ನಾನು ಸಮರ್ಥಿಸುವುದಿಲ್ಲ, ತಪ್ಪು ತಪ್ಪೇ. ರಾಜೀನಾಮೆ ಕೊಡಿ ಎಂದರು ರಾಜ್ಯಪಾಲರು. ಕವಿ ಕೊಡಲಿಲ್ಲ. ತೆಗೆದುಹಾಕಲು ಕಾನೂನಿನಲ್ಲಿ ದಾರಿ ಇರಲಿಲ್ಲ. ಕೊನೆಗೆ 2003ರಲ್ಲಿ ಶಾಸಕರು ಹುದ್ದೆಯನ್ನೇ ರದ್ದು ಮಾಡಿದರು. ಸ್ವತಂತ್ರ ಕವಿ ತಪ್ಪು ಬರೆದರೆ ಓದುಗರು ಜಗಳವಾಡುತ್ತಾರೆ, ಅವನು ಉತ್ತರ ಕೊಡುತ್ತಾನೆ. ಅಧಿಕೃತ ಕವಿ ಬರೆದರೆ ಅದು ಸರ್ಕಾರದ ಮಾತಾಗಿಬಿಡುತ್ತದೆ. ಇದು ಗೊತ್ತಿರುವ ಕವಿ ಮುಂದಿನ ಸಲ ಪೆನ್ನು ಹಿಡಿದಾಗ ಮೊದಲು ನೆನಪಾಗುವವರು ಯಾರು? ಬಹುಶಃ ಓದುಗರಲ್ಲ.

ಇನ್ನು ನಗರದ ಕಷ್ಟಕಾಲಕ್ಕೆ ಒಬ್ಬ ಕವಿ ಬೇಕು ಎಂಬ ಮಾತು. 2017ರ ಮೇ 22ರ ರಾತ್ರಿ ಮ್ಯಾಂಚೆಸ್ಟರಿನ ಸಂಗೀತ ಕಾರ್ಯಕ್ರಮವೊಂದರಲ್ಲಿ ಬಾಂಬ್ ಸಿಡಿದು 22 ಜನ ಸತ್ತರು. ಮರುದಿನ ಸಂಜೆ ಆಲ್ಬರ್ಟ್ ಚೌಕದಲ್ಲಿ ಸಾವಿರಾರು ಜನ ಸೇರಿದರು. ಟೋನಿ ವಾಲ್ಶ್ ಎಂಬ ಕವಿ ತಮ್ಮ ಊರಿನ ಮೇಲೆ ಕೆಲವು ವರ್ಷಗಳ ಹಿಂದೆ ಬರೆದಿದ್ದ ಕವಿತೆಯನ್ನು ಅಲ್ಲಿ ಓದಿದರು. ಅವರು ನಗರದ ಅಧಿಕೃತ ಕವಿಯಾಗಿರಲಿಲ್ಲ. ಅಲ್ಲಿ ನಿಂತವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಒಂಟಿ ಅಂತ್ಯಕ್ರಿಯೆಯ ವಿಷಯಕ್ಕೆ ಬಂದಾಗ ಮಾತ್ರ ನನ್ನ ದನಿ ಸಣ್ಣಗಾಗುತ್ತದೆ. ಅದು ದೊಡ್ಡ ಕೆಲಸ, ಎರಡು ಮಾತಿಲ್ಲ. ಗ್ರೋನಿಂಗೆನ್‌ನಲ್ಲಿ ಅದನ್ನು ಶುರು ಮಾಡಿದ್ದು ನಗರಕವಿಯೇ. ಆದರೆ ಅದೇ 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆ ಕೆಲಸ ಹೊತ್ತುಕೊಂಡ ಎಫ್. ಸ್ಟಾರಿಕ್ ಅವರಿಗೆ ಆಗ ಯಾವ ಪಟ್ಟವೂ ಇರಲಿಲ್ಲ. ನಗರಕವಿ ಎಂಬ ಹೆಸರು ಅವರಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ಅವರು ಒಬ್ಬರೇ ಬರೆಯಲೂ ಇಲ್ಲ. ಸುತ್ತ ಕವಿಗಳ ಗುಂಪು ಕಟ್ಟಿಕೊಂಡರು. ಒಂದು ಸಾವಿಗೆ ಒಬ್ಬರು, ಮುಂದಿನದಕ್ಕೆ ಇನ್ನೊಬ್ಬರು.