ಸ್ಪಷ್ಟನೆ: ಮರ್ಸಿಡಿಸ್ ಹಡಗಿನ ನಾಣ್ಯಗಳು ಹುಡುಕಿದವರಿಗೆ ದಕ್ಕಲಿಲ್ಲ

‘ಅಟ್ಲಾಂಟಿಕ್ ಸಾಗರದ ತಳದಲ್ಲಿ ಸುಮಾರು 17 ಟನ್ ನಾಣ್ಯ ಪತ್ತೆಹಚ್ಚಿದ ಅಮೆರಿಕದ ಕಂಪನಿಯೇ ಅದರ ಒಡೆತನ ಪಡೆಯಿತು’ ಎಂಬ ಸಂದೇಶ ಹರಿದಾಡುತ್ತಿದೆ. ಪತ್ತೆಯಾದದ್ದು ನಿಜ, ಒಡೆತನ ಸುಳ್ಳು. 2007ರಲ್ಲಿ ಒಡಿಸ್ಸಿ ಮರೀನ್ ಕಂಪನಿ ಪ್ರಕಟಿಸಿದ ಆ ನಿಧಿ, 1804ರಲ್ಲಿ ಬ್ರಿಟಿಷರ ದಾಳಿಗೆ ಸ್ಫೋಟಗೊಂಡು ಮುಳುಗಿದ ಸ್ಪೇನ್ ನೌಕಾಪಡೆಯ ಮರ್ಸಿಡಿಸ್ ಹಡಗಿನದು. 2012ರ ಫೆಬ್ರುವರಿಯಲ್ಲಿ ನಾಣ್ಯಗಳು ವಿಮಾನವೇರಿ ಸ್ಪೇನ್ ಸೇರಿದವು.

ಇನ್ನು ‘ಅಮೆರಿಕದ ನ್ಯಾಯಾಲಯ ಸ್ಪೇನಿಗೆ ಒಡೆತನ ಬರೆದುಕೊಟ್ಟಿತು’ ಎನ್ನುವವರೂ ತುಸು ಅವಸರಪಟ್ಟಿದ್ದಾರೆ. ಮುಳುಗಿದರೂ ಯುದ್ಧನೌಕೆಗೆ ಸಾರ್ವಭೌಮ ರಕ್ಷಣೆ (ಒಂದು ದೇಶದ ಆಸ್ತಿಯ ಮೇಲೆ ಇನ್ನೊಂದು ದೇಶದ ನ್ಯಾಯಾಲಯ ಕೈಹಾಕುವಂತಿಲ್ಲ ಎಂಬ ನಿಯಮ) ಇರುತ್ತದೆ, ಆದ್ದರಿಂದ ವಿಚಾರಣೆಯ ಅಧಿಕಾರವೇ ತನಗಿಲ್ಲ ಎಂದ ನ್ಯಾಯಾಲಯ, ನಿಧಿಯನ್ನು ಸ್ಪೇನಿನ ವಶಕ್ಕೆ ಒಪ್ಪಿಸಲು ಹೇಳಿತು, ಅಷ್ಟೆ. ನಾಣ್ಯಗಳ ಮೂಲ ತನ್ನ ನೆಲವೆಂದು ವಾದಿಸಿದ ಪೆರುವಿಗೆ ಸಿಕ್ಕಿದ್ದು ಬರಿಗೈ.