ಮಣ್ಣಿನ ಕಣದ ಪಕ್ಕ ಕುಳಿತು ‘ಜಾಬರ್’ ಎಂದವರಿಗೆ

ಮೊನ್ನೆ ಹಾವೇರಿ ಜಿಲ್ಲೆಯ ಒಂದು ಊರಿನ ಜಾತ್ರೆಗೆ ಹೋಗಿದ್ದೆ. ತೇರು ಎಳೆದ ಮರುದಿನ ಕುಸ್ತಿ ಇದೆಯೆಂದು ಗೆಳೆಯರು ಹೇಳಿದ್ದರಿಂದಲೇ ಹೋದದ್ದು. ಭಕ್ತಿಯಿಂದ ಹೋಗಿದ್ದೆ ಎಂದು ದೇವರ ಹೆಸರಿನಲ್ಲಿ ಸುಳ್ಳು ಹೇಳಲಾರೆ. ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿಗಳು ಮುಗಿದು, ಹಲಗೆಯ ಬಡಿತ ಬಿರುಸಾಗಿ, ದೊಡ್ಡ ಜೋಡಿಗಳು ಕಣಕ್ಕಿಳಿಯುವ ಹೊತ್ತಿಗೆ ಹುಬ್ಬಳ್ಳಿಯ ಇಬ್ಬರು ಹುಡುಗರು ಬಂದು ನನ್ನ ಹಿಂದೆ ಕುಳಿತರು. ಕಣದಲ್ಲಿದ್ದ ಗದಗಿನ ಕಡೆಯ ಪೈಲ್ವಾನನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ತನಗಿಂತ ತೂಕದವನನ್ನು ಬಹಳ ಹೊತ್ತು ತಡೆದು ನಿಂತು, ಕೊನೆಗೆ ಒಂದು ಕಾಲು ಸಿಕ್ಕಿಸಿಕೊಂಡು ಚಿತ್ತಾದ. ಬೆನ್ನಿನ ಮಣ್ಣನ್ನೂ ಝಾಡಿಸಿಕೊಳ್ಳದೆ ಅವನು ಹೋಗಿ ಎದುರಾಳಿಯ ವಸ್ತಾದರ ಕಾಲು ಮುಟ್ಟುತ್ತಿದ್ದಾಗ ಹಿಂದಿನಿಂದ ಮಾತು ಕೇಳಿಸಿತು: “ಅಂವ ಜಾಬರ್ ಅದಾನಲೇ. ಇಂವಗ ಪುಶ್ ಕೊಡಾಕ ತಂದಾರ.” ಇನ್ನೊಬ್ಬ ಅವನಿಗಿಂತ ದೊಡ್ಡ ಪಂಡಿತ: “ಸೆಲ್ಲಿಂಗ್ ಮಾತ್ರ ಛಲೋ ಮಾಡಿದ ಬಿಡು.”

ಟೀವಿಯಲ್ಲಿ ಬರುವ ಅಮೆರಿಕದ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ; ಅಲ್ಲಿ ಬೇರೊಬ್ಬನನ್ನು ಬೆಳೆಸಲೆಂದು ಸೋಲುವವನು ಜಾಬರ್. ಮೈ ಉರಿದುಹೋಯಿತು. ತಿರುಗಿ, “ಯಾರು ಯಾರಿಗೆ ತಂದಾರೋ ತಮ್ಮಾ?” ಎಂದು ಕೇಳಿದೆ. “ಏನಿಲ್ಲ ಬಿಡ್ರಿ ಕಾಕಾ, ಇದು ರೆಸ್ಲಿಂಗ್ ಭಾಷಾ, ನಿಮಗ ತಿಳಿಯೂದಿಲ್ಲ” ಎಂದು ಉತ್ತರ ಬಂತು.

ನನಗೆ ತಿಳಿಯುವುದಿಲ್ಲವಂತೆ! ಹಳೇ ಹುಬ್ಬಳ್ಳಿಯ ದಿನಗಳಿಂದ ನನ್ನನ್ನು ಬಲ್ಲವರು ಇಲ್ಲಿ ನಗುತ್ತಿರುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಓಣಿಗೆ ಕೇಬಲ್ ಬಂದಾಗ, ಆ ಅಮೆರಿಕದ ಕುಸ್ತಿಯ ಅಂಡರ್‌ಟೇಕರ್ ಕಣ್ಣು ಮೇಲಕ್ಕೆ ಹೊರಳಿಸುವುದನ್ನು ನೋಡಲು ಪಕ್ಕದ ಮನೆಯ ಕಿಟಕಿಯ ಸರಳು ಹಿಡಿದು ನಿಂತವನು ನಾನು. ಟ್ರಂಪ್ ಕಾರ್ಡುಗಳಿಗಾಗಿ ಗಣಿತದ ಪುಸ್ತಕ ಮಾರಿದವನೂ ನಾನೇ. ಇವತ್ತಿಗೂ ಮನೆಯವರು ಮಲಗಿದ ಮೇಲೆ ಫೋನಿನ ದನಿ ಸಣ್ಣಗೆ ಮಾಡಿಕೊಂಡು ಹಳೆಯ ಪಂದ್ಯಗಳನ್ನು ನೋಡುತ್ತೇನೆ. ನನ್ನ ಹೆಂಡತಿಗೆ ಇದು ಗೊತ್ತು, ಗೊತ್ತಿಲ್ಲದವಳಂತೆ ಇರುತ್ತಾಳೆ. ಆ ಹುಡುಗರ ಭಾಷೆಯಲ್ಲಿ ಹೇಳುವುದಾದರೆ ನಮ್ಮ ಸಂಸಾರದಲ್ಲಿಯೂ ಕೇಫೇಬ್, ಅಂದರೆ ಒಳಗುಟ್ಟು ಬಿಟ್ಟುಕೊಡದೆ ಎಲ್ಲ ನಿಜವೆಂಬಂತೆ ನಡೆದುಕೊಳ್ಳುವ ಕಟ್ಟಳೆ, ಇದೆ. ಆದ್ದರಿಂದ ನನ್ನ ಸಿಟ್ಟು ಅಮೆರಿಕದ ಕುಸ್ತಿಯ ಮೇಲಲ್ಲ, ಅದರ ಒಳಮಾತುಗಳ ಮೇಲಂತೂ ಮೊದಲೇ ಅಲ್ಲ. ಆ ಮಾತುಗಳನ್ನು ತಂದು ಎಲ್ಲಿ, ಯಾರ ಮೇಲೆ ಎಸೆದರು ಎಂಬುದೇ ನನ್ನ ತಕರಾರು.

ಆ ಮಾತುಗಳ ಹುಟ್ಟನ್ನು ನೋಡಿ. ಅಮೆರಿಕದಲ್ಲಿ ಊರೂರು ತಿರುಗುವ ಮೇಳಗಳ ಡೇರೆಗಳಲ್ಲಿ ಕುಸ್ತಿಯಾಡಿ ಹೊಟ್ಟೆ ಹೊರೆಯುತ್ತಿದ್ದವರು, ಟಿಕೀಟು ಕೊಂಡವನಿಗೆ ತಿಳಿಯದಂತೆ ತಮ್ಮತಮ್ಮೊಳಗೆ ಮಾತಾಡಿಕೊಳ್ಳಬೇಕಾಗಿತ್ತು. ನಂಬಿ ದುಡ್ಡು ಕೊಡುವವನು ಮಾರ್ಕ್. ಮೊದಲೇ ಮಾತಾಗಿದ್ದು ವರ್ಕ್, ಮಾತು ಮುರಿದು ನಿಜವಾಗಿ ಕೈಮಾಡಿದರೆ ಅದು ಶೂಟ್. ಜನ ಮೆಚ್ಚಬೇಕಾದವನು ಫೇಸ್, ಜನ ಉಗಿಯಬೇಕಾದವನು ಹೀಲ್. ಯಾರು ಗೆಲ್ಲಬೇಕು, ಯಾರನ್ನು ಮೇಲೆತ್ತಬೇಕು ಎಂದು ತೀರ್ಮಾನಿಸುವವನು ಬುಕರ್. ಹಾಗೆ ಎತ್ತುವುದೇ ಪುಶ್. ಬೇರೊಬ್ಬನ ಹೆಸರು ಬೆಳೆಯಲೆಂದು ಸೋಲುವುದು ಜಾಬ್, ಅದನ್ನೇ ಕಸುಬು ಮಾಡಿಕೊಂಡವನು ಜಾಬರ್. ಇವು ಹೊಟ್ಟೆಪಾಡಿಗಾಗಿ ಹುಟ್ಟಿದ ಮಾತುಗಳು. ಇವುಗಳಲ್ಲಿ ಒಂದೊಂದರ ಹಿಂದೆಯೂ ಇಬ್ಬರ ನಡುವಿನ ಒಪ್ಪಂದವಿದೆ. ಆ ಒಪ್ಪಂದವಿಲ್ಲದ ಕಡೆ ಇವುಗಳಿಗೆ ಕೆಲಸವಿಲ್ಲ.

ಸೆಲ್ಲಿಂಗ್ ಎಂಬುದನ್ನೇ ತೆಗೆದುಕೊಳ್ಳಿ. ಎದುರಾಳಿ ಹೊಡೆದ ಪೆಟ್ಟು ಹತ್ತು ಪಟ್ಟು ಬಲವಾಗಿ ಬಿದ್ದಂತೆ ತೋರಿಸುವುದು ಆ ಕಸುಬಿನಲ್ಲಿ ಪರಮ ಸೌಜನ್ಯ. ಮೊಣಕಾಲಿಗೆ ಪೆಟ್ಟು ತಿಂದವನು ಹತ್ತು ನಿಮಿಷದ ನಂತರ ಗೆದ್ದು ಕುಣಿಯುವಾಗಲೂ ಅದೇ ಕಾಲನ್ನು ಎಳೆಯುತ್ತಿದ್ದರೆ ಅವನು ಪಳಗಿದವನು. ಮರೆತು ಎರಡೂ ಕಾಲಲ್ಲಿ ಜಿಗಿದರೆ ಹೊಡೆದವನ ದುಡಿಮೆಯೆಲ್ಲ ನೀರುಪಾಲು. ತಲೆಯನ್ನು ಕಂಕುಳಲ್ಲಿ ಹಿಡಿದು ಇಬ್ಬರೂ ಕೂತುಬಿಡುತ್ತಾರಲ್ಲ, ನೋಡುವವರಿಗೆ ಬೇಸರ ತರಿಸುವ ಆ ಹೊತ್ತಿನಲ್ಲೇ ಮುಂದೆ ಏನೆಂದು ಕಿವಿಯಲ್ಲಿ ಮಾತಾಗುತ್ತಿರುತ್ತದೆ. ದೊಡ್ಡ ಪೆಟ್ಟಿನ ಬಳಿಕ ಕೈಯನ್ನೊಮ್ಮೆ ಮೆಲ್ಲಗೆ ಒತ್ತಿದರೆ ‘ಆರಾಮ ಇದ್ದೀಯಾ’ ಎಂದು ಕೇಳಿದಂತೆ. ಮರಳಿ ಒತ್ತಿದರೆ ‘ಇದ್ದೇನೆ’ ಎಂದಂತೆ. ಮರಳಿ ಒತ್ತದಿದ್ದರೆ ರೆಫ್ರಿ ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದು, ಆಟ ಮುಗಿಯಿತು, ಇದು ನಿಜವಾದ ಗಾಯ ಎಂದು ತೆರೆಮರೆಯವರಿಗೆ ತಿಳಿಸುತ್ತಾನೆ. ಕೋಟ್ಯಂತರ ರೂಪಾಯಿಯ ಆ ವ್ಯಾಪಾರದ ಬುಡದಲ್ಲಿರುವುದು ಇಷ್ಟೇ: ನನ್ನ ಕುತ್ತಿಗೆ ನಿನ್ನ ಕೈಯಲ್ಲಿದೆ, ಮುರಿಯಬೇಡ.

ಈಗ ಹೇಳಿ, ಆ ಗದಗಿನ ಹುಡುಗ ಯಾರ ಪೆಟ್ಟನ್ನು ಸೆಲ್ ಮಾಡಿದ? ಅವನ ಕುತ್ತಿಗೆಯನ್ನು ಮೆತ್ತಗೆ ಹಿಡಿಯಲು ಅಲ್ಲಿ ಯಾರು ಒಪ್ಪಿಕೊಂಡಿದ್ದರು? ಅವನ ಮುಖದಲ್ಲಿದ್ದ ನೋವು ನೋವೇ ಆಗಿತ್ತು.

ಹಾಗೆಂದು ಆಚೆ ಕಡೆಯವರ ಬೀಳುವಿಕೆ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ಬೀಳುವುದಕ್ಕೆ ಅವರು ಬಂಪ್ ಎನ್ನುತ್ತಾರೆ. ಗದ್ದವನ್ನು ಎದೆಗೆ ಒತ್ತಿ, ಬೆನ್ನು ಅಗಲವಾಗಿ ನೆಲಕ್ಕೆ ತಾಗುವಂತೆ ಬೀಳುವುದೇ ಅಲ್ಲಿನ ಮೊದಲ ಪಾಠ. 1998ರ ಜೂನ್ 28ರಂದು ಪಿಟ್ಸ್‌ಬರ್ಗಿನಲ್ಲಿ ಮಿಕ್ ಫೋಲಿ ಎಂಬ ಪೈಲ್ವಾನ ಕಣವನ್ನು ಸುತ್ತುವರಿದ 16 ಅಡಿ ಎತ್ತರದ ಪಂಜರದ ಮೇಲಿನಿಂದ ವೀಕ್ಷಕ ವಿವರಣೆಕಾರರ ಮೇಜಿನ ಮೇಲೆ ಬಿದ್ದ. ಅಷ್ಟಕ್ಕೇ ಮುಗಿಯದೆ ಮತ್ತೆ ಮೇಲೆ ಹತ್ತಿ, ಈ ಸಲ ಪಂಜರದ ಮಾಡು ಹರಿದು ಒಳಗೆ ಬಿದ್ದ. ಅವನ ಹಲ್ಲು ಮುರಿಯಿತು. ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಿತ್ತು, ನಿಜ. ಮುರಿದ ಹಲ್ಲಿಗೆ ಅದು ಗೊತ್ತಿರಲಿಲ್ಲ. ಆದರೂ ನಮ್ಮ ಪಂಡಿತರು ಆ ದೃಶ್ಯ ನೋಡಿದರೆ ಮೊದಲು ಹೇಳುವುದು, ‘ಈ ಸ್ಪಾಟ್ ಮೊದಲ ಪ್ಲ್ಯಾನ್ ಇತ್ತೋ ಇಲ್ಲೋ’ ಎಂದು.

ಕೇಫೇಬನ್ನು ಕಾಯುವುದಕ್ಕೆ ಆ ಜನ ತೆತ್ತ ಬೆಲೆಯೂ ಕಡಿಮೆಯದಲ್ಲ. 1987ರಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರು ತಡೆದಾಗ ಒಳಗೆ ಸಿಕ್ಕವರು ಐರನ್ ಶೇಖ್ ಮತ್ತು ಜಿಮ್ ಡುಗ್ಗನ್. ಕಾರಿನಲ್ಲಿ ಮಾದಕವಸ್ತು ಸಿಕ್ಕಿದ್ದು ಒಂದು ತಪ್ಪಾದರೆ, ಕಣದಲ್ಲಿ ಬದ್ಧವೈರಿಗಳಾಗಿದ್ದ ಇಬ್ಬರೂ ಒಂದೇ ಕಾರಿನಲ್ಲಿ ಕುಳಿತಿದ್ದು ಆ ಕಸುಬಿನ ಕಣ್ಣಿಗೆ ಇನ್ನೂ ದೊಡ್ಡ ತಪ್ಪು. ಅವರ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಇಬ್ಬರನ್ನೂ ಮನೆಗೆ ಕಳಿಸಿತು. ತಮಾಷೆ ಏನೆಂದರೆ, ಅದೇ ಕಂಪನಿ 1989ರಲ್ಲಿ ಅದೇ ನ್ಯೂಜೆರ್ಸಿಯ ಸೆನೆಟ್ಟಿನ ಮುಂದೆ, ಕ್ರೀಡಾ ಆಯೋಗದ ಹಿಡಿತದಿಂದ ತಪ್ಪಿಸಿಕೊಳ್ಳುವ ಸಲುವಾಗಿ, ನಮ್ಮದು ಬರೀ ಮನರಂಜನೆ ಎಂದು ತಾನಾಗಿಯೇ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡ ಮೇಲೂ ಶಿಸ್ತು ಪೂರ್ತಿ ಸಡಿಲವಾಗಲಿಲ್ಲ. 1996ರ ಮೇ 19ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಕಂಪನಿ ಬಿಟ್ಟು ಹೊರಟಿದ್ದ ಇಬ್ಬರು ಗೆಳೆಯರನ್ನು ಶಾನ್ ಮೈಕಲ್ಸ್ ಮತ್ತು ಟ್ರಿಪಲ್ ಎಚ್ ಜನರೆದುರಿಗೇ ತಬ್ಬಿಕೊಂಡರು. ನಾಲ್ವರಲ್ಲಿ ಇಬ್ಬರು ಫೇಸ್, ಇಬ್ಬರು ಹೀಲ್. ಅದರ ಶಿಕ್ಷೆ ಬಿದ್ದದ್ದು ಟ್ರಿಪಲ್ ಎಚ್ ಒಬ್ಬನ ತಲೆಯ ಮೇಲೆ; ಅವನಿಗೆ ಮೀಸಲಾಗಿದ್ದ ಪುಶ್ ಆ ವರ್ಷ ಸ್ಟೀವ್ ಆಸ್ಟಿನ್ ಪಾಲಾಯಿತೆಂದು ಆ ಕಸುಬಿನವರೇ ಹೇಳುತ್ತ ಬಂದಿದ್ದಾರೆ. ಇಷ್ಟು ಕಟ್ಟುನಿಟ್ಟಾಗಿ ಬಚ್ಚಿಟ್ಟುಕೊಂಡ ಮಾತುಗಳು ಇಂಟರ್ನೆಟ್ಟಿನ ಕೃಪೆಯಿಂದ ಗೋಕುಲ ರಸ್ತೆಯ ಚಹಾದಂಗಡಿಗೆ ಬಂದು ಮುಟ್ಟಿವೆ. ಬರಲಿ, ಸಂತೋಷ. ಆದರೆ ಬಂದ ಮಾತಿಗೆ ಸ್ವಲ್ಪ ಮರ್ಯಾದೆ ಬೇಡವೇ?

ಇದನ್ನು ಓದುವ ಕೆಲವರು ಈಗಾಗಲೇ ಬೆರಳು ಮಡಚುತ್ತಿರುತ್ತಾರೆ: ‘ನಮ್ಮ ಮಣ್ಣಿನ ಕುಸ್ತಿಯೇನು ಗಂಗಾಜಲವೇ? ಅಲ್ಲಿಯೂ ಒಳಗಿಂದೊಳಗೆ ಮಾತಾಡಿಕೊಂಡು ಹಿಡಿಯುವ ಜೋಡಿಗಳಿಲ್ಲವೇ?’ ಇವೆ. ಇನಾಮನ್ನು ಅರ್ಧ ಅರ್ಧ ಹಂಚಿಕೊಳ್ಳೋಣವೆಂದು ಸುಮ್ಮನೆ ಕೈ ಕೈ ಹಿಡಿದುಕೊಂಡು ಸುತ್ತುವ ಜೋಡಿಗಳನ್ನು ನಾನೂ ಕಂಡಿದ್ದೇನೆ. ಅಂಥ ಜೋಡಿ ಕಣದಲ್ಲಿದ್ದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ: ಐದು ನಿಮಿಷದಲ್ಲಿ ಹಿರಿಯರು “ಏ, ಎಬಸ್ರಿ ಅವರನ್ನ!” ಎಂದು ಕೂಗುತ್ತಾರೆ, ಹಲಗೆ ನಿಲ್ಲುತ್ತದೆ, ಪಂಚರು ಇಬ್ಬರನ್ನೂ ಬರಿಗೈಯಲ್ಲಿ ಹೊರಗೆ ಕಳಿಸುತ್ತಾರೆ. ಅಲ್ಲಿ ಮಾತಾಡಿಕೊಳ್ಳುವುದು ಮೋಸ, ಏಕೆಂದರೆ ಜನ ಬಂದಿರುವುದು ಯಾರ ಬೆನ್ನಿಗೆ ಮಣ್ಣು ಹತ್ತುತ್ತದೆಂದು ನೋಡಲು. ಅಮೆರಿಕದ ಕಣದಲ್ಲಿ ಮಾತಾಡಿಕೊಳ್ಳುವುದೇ ಕಲೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಎಲ್ಲಾ ಅಷ್ಟೇ’ ಎನ್ನುವವನು ಎರಡನ್ನೂ ನೋಡಿಲ್ಲ. ಆ ವಾದಕ್ಕೆ ಇಷ್ಟು ಸಾಕು.

ನನಗೆ ನಿಜವಾಗಿ ಕಿರಿಕಿರಿಯಾಗುವುದು ಈ ಹುಡುಗರ ನೋಡುವ ರೀತಿ. ಗದಗಿನಲ್ಲಿ ಕಂಪನಿ ನಾಟಕದ ಕ್ಯಾಂಪು ಬಿದ್ದಾಗ ನಮ್ಮ ಅಜ್ಜಿ ಮುಂದಿನ ಸಾಲಿನಲ್ಲಿ ಕುಳಿತು ಖಳನಿಗೆ ಕೈ ಮುರಿದು ಶಾಪ ಹಾಕುತ್ತಿದ್ದಳು, ಮರುದಿನ ಅದೇ ನಟ ಸಂತೆಯಲ್ಲಿ ಎದುರಾದರೆ “ರಾತ್ರಿ ಛಲೋ ಮಾಡಿದಿ ನೋಡಪಾ” ಎನ್ನುತ್ತಿದ್ದಳು. ಅವಳಿಗೆ ಹೀಲ್ ಎಂಬ ಮಾತು ಗೊತ್ತಿರಲಿಲ್ಲ, ಹೀಲ್ ಏನು ಮಾಡಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಒಳಗುಟ್ಟೆಲ್ಲ ತನಗೆ ಗೊತ್ತೆಂದು ಬೀಗುವ ಅಭಿಮಾನಿಗೆ ಸ್ಮಾರ್ಕ್ ಎನ್ನುತ್ತಾರೆ. ಈ ಸ್ಮಾರ್ಕ್ ಮಹಾಶಯರಿಗೆ ಮಾತು ಗೊತ್ತು, ಬೈಯುವ ಸುಖ ಗೊತ್ತಿಲ್ಲ. ಖಳ ಬಂದರೆ ಜನರ ಬೈಗುಳವನ್ನು ‘ಹೀಟ್ ಸರಿಯಾಗಿ ಬಂತೋ ಇಲ್ಲೋ’ ಎಂದು ಅಳೆಯುತ್ತಾರೆ, ನಾಯಕ ಬಂದರೆ ಜನರ ಕೇಕೆ ಕೇಳಿ ‘ಪಾಪ್ ಕಡಿಮೆ ಆಯಿತು’ ಎನ್ನುತ್ತಾರೆ. ಒಂದು ರೂಪಾಯಿ ಹೂಡದೆ, ಒಂದು ಪಟ್ಟು ಕಲಿಯದೆ, ಎಲ್ಲರೂ ಬುಕರ್‌ಗಳು. ಅದನ್ನು ಟೀವಿಯ ಮುಂದೆ ಮಾಡಿಕೊಳ್ಳಲಿ, ಅವರ ಮನೆ, ಅವರ ಕರೆಂಟು. ಲಂಗೋಟ ಕಟ್ಟಿ ನಿಜವಾಗಿ ಸೋತ ಹುಡುಗನ ಹಿಂದೆ ಕುಳಿತು ಮಾಡಬಾರದು.

ಇನ್ನು ಜಾಬರ್ ಎಂಬುದನ್ನು ಬೈಗುಳ ಮಾಡಿಕೊಂಡವರು ಬ್ಯಾರಿ ಹಾರೊವಿಟ್ಜ್‌ನನ್ನು ಒಮ್ಮೆ ನೋಡಬೇಕು. ವರ್ಷಗಟ್ಟಲೆ ಟೀವಿಯಲ್ಲಿ ಸೋಲುವುದೇ ಅವನ ಕೆಲಸ. ಬೇರೆ ಯಾರೂ ತಟ್ಟುವುದಿಲ್ಲವೆಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದ್ದ. 1995ರಲ್ಲಿ ಸ್ಕಿಪ್ ಎಂಬವನನ್ನು ಅವನು ಸೋಲಿಸಿದಾಗ ವಿವರಣೆಕಾರರು ಕಿರುಚಿದ್ದು ನೋಡಿದರೆ ಜಗತ್ತೇ ತಲೆಕೆಳಗಾಯಿತೇನೋ ಅನ್ನಿಸುತ್ತದೆ. ಹಾಗೆ ಸೋಲುವುದಕ್ಕೆ ದೊಡ್ಡ ಪ್ರತಿಭೆ ಬೇಕು: ಎದುರಾಳಿ ಎಡವಿದರೂ ಅವನಿಂದ ಸುರಕ್ಷಿತವಾಗಿ ಎತ್ತಿಸಿಕೊಂಡು, ಅವನೇ ಎತ್ತಿ ಒಗೆದನೆಂದು ತೋರಿಸಬೇಕು. ಆದ್ದರಿಂದ ಗದಗಿನ ಹುಡುಗನನ್ನು ಜಾಬರ್ ಎಂದವನು ಒಂದೇ ಬಾಯಲ್ಲಿ ಇಬ್ಬರನ್ನು ಅವಮಾನಿಸಿದ. ಗೆಲ್ಲಲೆಂದೇ ಬಂದು ಸೋತವನ ಸೋಲನ್ನು ನಾಟಕ ಮಾಡಿದ. ಸೋಲಲೆಂದೇ ಬಂದು ಬೇರೊಬ್ಬನನ್ನು ಗೆಲ್ಲಿಸುವವನ ವಿದ್ಯೆಯನ್ನು ಹೀನಾಯ ಮಾಡಿದ.

ಒಪ್ಪಂದ ಮುರಿದರೆ ಆ ಕಸುಬಿನವರಿಗೆ ಏನಾಗುತ್ತದೆಂದು ತಿಳಿಯಬೇಕಾದರೆ 1997ರ ನವೆಂಬರ್ 9, ಮಾಂಟ್ರಿಯಲ್. ಆಗಿನ ಚಾಂಪಿಯನ್ ಬ್ರೆಟ್ ಹಾರ್ಟ್ ಅದೇ ಕಂಪನಿಯನ್ನು ಬಿಡುವವನಿದ್ದ, ತನ್ನ ಕೆನಡಾದ ಜನರೆದುರು ಪಟ್ಟ ಬಿಟ್ಟುಕೊಡಲು ಒಪ್ಪಿರಲಿಲ್ಲ. ಪಂದ್ಯ ಗಲಾಟೆಯ ನಡುವೆ ಅನರ್ಹತೆಯಲ್ಲಿ ಮುಗಿದು ಪಟ್ಟ ಅವನಲ್ಲೇ ಉಳಿಯುತ್ತದೆಂದು ಅವನಿಗೆ ಹೇಳಲಾಗಿತ್ತು. ಶಾನ್ ಮೈಕಲ್ಸ್ ಬ್ರೆಟ್‌ನದೇ ಕುಸ್ತಿ ಹಿಡಿತವನ್ನು ಅವನ ಮೇಲೆ ಹಾಕಿದ ಕ್ಷಣವೇ, ಬ್ರೆಟ್ ಸೋಲೊಪ್ಪದಿದ್ದರೂ, ಕಣದ ಪಕ್ಕ ನಿಂತಿದ್ದ ಮಾಲೀಕ ವಿನ್ಸ್ ಮೆಕ್‌ಮಹನ್ ಗಂಟೆ ಬಾರಿಸಲು ಹೇಳಿದ. ಬ್ರೆಟ್ ಮಾಲೀಕನ ಮುಖಕ್ಕೆ ಉಗುಳಿದ. ಆಮೇಲೆ ಒಳಗೆ ಕೋಣೆಯಲ್ಲಿ ಗುದ್ದಿಯೂ ಗುದ್ದಿದ. ಸೋತದ್ದಕ್ಕೆ ಆ ಮನುಷ್ಯನಿಗೆ ಅಷ್ಟು ಸಿಟ್ಟು ಬರಲು ಕಾರಣವಿರಲಿಲ್ಲ, ಸೋಲುವುದು ಅವನ ಕೆಲಸದ ಭಾಗವೇ ಆಗಿತ್ತು. ಕೊಟ್ಟ ಮಾತು ಮುರಿದದ್ದಕ್ಕೆ ಬಂತು. ಆ ಗಂಟೆಯ ಸದ್ದು ಕೇಳಿದಾಗ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಏನೋ ತಿರುಗಿದಂತಾಗುತ್ತದೆ, ಮತ್ತು ಇದನ್ನು ನಲವತ್ತು ದಾಟಿದ ಗಂಡಸು ಹೇಳಿಕೊಳ್ಳಬಾರದೆಂದು ಯಾರಾದರೂ ಅಂದರೆ ಅವರನ್ನು ಇಲ್ಲಿಂದ ಅನ್‌ಫ್ರೆಂಡ್ ಮಾಡಲು ನನಗೆ ಎರಡು ಸೆಕೆಂಡು ಸಾಕು.

ಇಷ್ಟೆಲ್ಲ ಬರೆದು ನಮ್ಮವನೇ ಆದ ದಿ ಗ್ರೇಟ್ ಖಲಿಯ ಮಾತೇ ಎತ್ತಲಿಲ್ಲವಲ್ಲ ಎಂದು ನನ್ನ ಅಳಿಯಂದಿರು ಕೇಳದೆ ಬಿಡುವುದಿಲ್ಲ. 2007ರಲ್ಲಿ ಅವನು ವರ್ಲ್ಡ್ ಹೆವಿವೇಟ್ ಪಟ್ಟ ಗೆದ್ದಾಗ ನಾನೂ ಧಾರವಾಡದ ಲೈನ್ ಬಜಾರಿಗೆ ಹೋಗಿ ಪೇಡೆ ತಂದು ಹಂಚಿದ್ದೇನೆ. ಆದರೆ ಅಷ್ಟು ದೊಡ್ಡ ದೇಹದವನನ್ನು ಸುಲಭಕ್ಕೆ ಬೀಳಿಸುವುದಿಲ್ಲ ಎಂಬುದು ಆ ಕಸುಬಿನ ಹಳೆಯ ಲೆಕ್ಕಾಚಾರ. ಬೀಳದವನಿಂದ ಸೆಲ್ಲಿಂಗಿಗೆ ಉದಾಹರಣೆ ಎಲ್ಲಿಂದ ತರಲಿ?