ಸತ್ಯಾಂಶ: ಹಳೇ ವಿ8 ಕಾರು ಎಂಥ ಟ್ರೇಲರನ್ನಾದರೂ ಎಳೆಯುತ್ತದೆಯೇ?

‘1950ರ ದಶಕದ ಅಮೆರಿಕನ್ ಕಾರುಗಳು ಗಟ್ಟಿ ಉಕ್ಕಿನವು, ದೊಡ್ಡ ವಿ8 ಎಂಜಿನ್ ಬೇರೆ. ಹಿಂದೆ ಯಾವ ಟ್ರೇಲರ್ ಕಟ್ಟಿದರೂ ಭಯವಿಲ್ಲ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ. ವಿ8 ಎಂದರೆ ಎಂಟು ಸಿಲಿಂಡರಿನ ಎಂಜಿನ್; ಎಳೆಯುವ ಶಕ್ತಿ ಇದೆ, ಒಪ್ಪೋಣ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ.

ಆ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಲೈನಿಂಗ್ ಎಂಬ ಘರ್ಷಣೆಯ ಪಟ್ಟಿ ಒತ್ತಿ ನಿಲ್ಲಿಸುವ ಬ್ರೇಕ್. ಉದ್ದದ ಇಳಿಜಾರಿನಲ್ಲಿ ಒತ್ತುತ್ತಲೇ ಇದ್ದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಜೊತೆಗೆ ಬ್ರೇಕ್ ಆಯಿಲ್ ಸರ್ಕ್ಯೂಟ್ ಒಂದೇ. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು! ಅಮೆರಿಕದಲ್ಲಿ ಎರಡು ಸರ್ಕ್ಯೂಟ್ ಕಡ್ಡಾಯವಾಗಿದ್ದು 1968ರಲ್ಲಿ.

ಹಾಗಾಗಿ ಟ್ರೇಲರಿಗೇ ಸ್ವಂತ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಒಳ್ಳೆಯದು. ಅದಕ್ಕೆ 12 ವೋಲ್ಟ್ ಬೇಕು. 50ರ ದಶಕದ ಮೊದಲ ಭಾಗದ ಅನೇಕ ಕಾರುಗಳದ್ದು 6 ವೋಲ್ಟ್. ಫಾರ್ವರ್ಡಿನಲ್ಲಿ ಇದರ ಸುದ್ದಿಯೇ ಇಲ್ಲ ನೋಡಿ.

ಇನ್ನೊಂದು ಸಲಹೆಯಂತೂ ಅಪಾಯ: ‘ಟ್ರೇಲರ್ ಓಲಾಡಿದರೆ ಸ್ಪೀಡ್ ಜಾಸ್ತಿ ಮಾಡಿ.’ ಮಾಡಬೇಡಿ. ಸ್ಪೀಡ್ ಏರಿದಷ್ಟೂ ಓಲಾಟ ಹೆಚ್ಚು. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ, ಚಾಲಕನ ಬಳಿ ಇರುವ ಕಂಟ್ರೋಲರಿನಿಂದ ಟ್ರೇಲರ್ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಹಾಕಿ. ಓಲಾಟಕ್ಕೆ ಮುಖ್ಯ ಕಾರಣ ಸಾಮಾನನ್ನೆಲ್ಲ ಹಿಂದೆ ತುಂಬುವುದು. ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಮುಂದಕ್ಕೆ ಜೋಡಿಸಿ.